ಕಣ್ಣು ಓಡೋ ರೀತಿ ನೋಡಿ ಪಿಎಸ್‌ಪಿ, ಪಾರ್ಕಿನ್ಸನ್, ಅಟಾಕ್ಸಿಯಾ ಸುಳಿವು ಹಿಡಿಯೋದು ಹೇಗೆ: ಬೆಡ್‌ಸೈಡ್ ಪರೀಕ್ಷೆಯ ಸಮಗ್ರ ಮಾರ್ಗದರ್ಶಿ

ಕೇಸ್ ಶೀಟಲ್ಲಿ "ಕಣ್ಣಿನ ಚಲನೆ ನಾರ್ಮಲ್" ಅಂತ ಬರೆದಿರ್ತಾರೆ. ಏನ್ ಮಾಡಿ ನೋಡಿದ್ರಿ ಅಂತ ಕೇಳಿದ್ರೆ, ಬೆರಳು ತೋರಿಸಿ ಫಾಲೋ ಮಾಡಿಸಿದೆ, ಎಡಕ್ಕೆ ಹೋಯ್ತು ಬಲಕ್ಕೆ ಹೋಯ್ತು, ಅಷ್ಟೇ ಅಂತಾರೆ. ಹೌಸ್ ಸರ್ಜನ್‌ಗಳು, ಫಿಸಿಯೋಗಳು, ಅಪ್ಪನ್ನೋ ಅತ್ತೆನ್ನೋ ನೋಡ್ಕೊಳ್ತಾ ಡಾಕ್ಟರಿಗೆ ತೋರಿಸೋಕೆ ವಿಡಿಯೋ ಮಾಡೋ ಮನೆಯವರು, ಎಲ್ಲರೂ ಎಡವೋದು ಇದೇ ಜಾಗದಲ್ಲಿ. ಬೆರಳು ಫಾಲೋ ಮಾಡ್ಸಿದ್ರೆ ಗೊತ್ತಾಗೋದು ಕಣ್ಣಿನ ನಿಧಾನದ ಓಟ ಮಾತ್ರ. ಮೆದುಳು ಸವೆಯೋ ಕಾಯಿಲೆಗಳಲ್ಲಿ (ಪಾರ್ಕಿನ್ಸನ್, ಅದರ ಥರಾನೇ ಕಾಣೋ ಪಿಎಸ್‌ಪಿ ಅಂದ್ರೆ ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ, ನಡಿಗೆ ತೂರಾಡಿಸೋ ಅಟಾಕ್ಸಿಯಾ ಥರದ್ದು) ಬೇಗ ಕೆಡೋದು ಕಣ್ಣಿನ ಜಿಗಿತ, ಅಂದ್ರೆ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಪಟ್ ಅಂತ ಹಾರೋದು, ಡಾಕ್ಟರುಗಳು ಸ್ಯಾಕೇಡ್ ಅಂತಾರಲ್ಲ ಅದು. ಅದನ್ನ ಬೇರೆಯಾಗೇ ಮಾಡಿಸಿ ನೋಡ್ಬೇಕು, ಅದರಲ್ಲೂ ಮೇಲೆ ಕೆಳಗೆ ನೋಡ್ಲೇಬೇಕು, ಎಷ್ಟು ದೂರ ಹೋಯ್ತು ಅನ್ನೋದಕ್ಕಿಂತ ಎಷ್ಟು ಸ್ಪೀಡಲ್ಲಿ ಹೋಯ್ತು ಅಂತ ನೋಡ್ಬೇಕು.

ಶುರು ಮಾಡೋಕೆ ಮುಂಚೆ ಒಂದು ಮಾತು, ಇಲ್ಲಿ ಸಿಗೋದು ಸುಳಿವು ಮಾತ್ರ. ಕಾಯಿಲೆ ಹೆಸರು ಇಡೋದು ನ್ಯೂರಾಲಜಿಸ್ಟ್ ಕೆಲಸ, ಅವರೂ ಬರೀ ಕಣ್ಣು ನೋಡಿ ಹೇಳಲ್ಲ, ನಡಿಗೆ, ಕೈಕಾಲು ಬಿಗಿತ, ನೆನಪು, ಬಿಪಿ, ಎಂಆರ್‌ಐ ಎಲ್ಲ ಸೇರಿಸಿ ಹೇಳ್ತಾರೆ. ಮನೆಯವರು ಇದನ್ನ ಓದಿ ಅಪ್ಪನಿಗೆ ಇಂಥದ್ದೇ ಅಂತ ತೀರ್ಮಾನ ಮಾಡ್ಬೇಡಿ, ಮಾತ್ರೆ ನಿಲ್ಸೋದಂತೂ ಬೇಡವೇ ಬೇಡ.

ಹಂತ 1: ಬೆರಳು ಎತ್ತೋಕೆ ಮುಂಚೆ ಮಾತ್ರೆ ಚೀಟಿ ನೋಡಿ

ಇದನ್ನ ಮೊದಲು ಇಟ್ಟಿರೋದಕ್ಕೆ ಕಾರಣ ಇದೆ. ಕಣ್ಣಿನ ಚಲನೆಯನ್ನ ಮಾತ್ರೆಗಳು ಎಷ್ಟು ಚೆನ್ನಾಗಿ ಕೆಡಿಸ್ತವೆ ಅಂದ್ರೆ, ಚೀಟಿ ನೋಡದೆ ಪರೀಕ್ಷೆ ಮಾಡಿದ್ರೆ ಅರ್ಧ ಗಂಟೆ ವೇಸ್ಟು. ಫಿಟ್ಸ್‌ಗೆ ಕೊಡೋ ಫೆನಿಟಾಯಿನ್, ಕಾರ್ಬಮಜೆಪಿನ್ ಜಾಸ್ತಿಯಾದ್ರೆ ಪಕ್ಕಕ್ಕೆ ನೋಡಿದಾಗ ಕಣ್ಣು ಅದುರುತ್ತೆ. ಲಿಥಿಯಂ ತಗೊಳ್ಳೋರಲ್ಲಿ ಕಣ್ಣು ಕೆಳಕ್ಕೆ ಬಡ್ಕೊಳ್ಳೋ ಥರ ಅದುರೋದು ಬರಬಹುದು. ನಿದ್ದೆ ಬರ್ಲಿ, ಟೆನ್ಷನ್ ಕಮ್ಮಿಯಾಗ್ಲಿ ಅಂತ ಕೊಡೋ ಕ್ಲೊನಜೆಪಾಮ್, ಆಲ್ಪ್ರಜೋಲಾಮ್ ಸ್ಯಾಕೇಡ್ ಸ್ಪೀಡನ್ನೇ ಇಳಿಸ್ತವೆ, ರಾತ್ರಿ ಮಾತ್ರೆ ನುಂಗಿ ಬೆಳಿಗ್ಗೆ ತೂಕಡಿಸ್ತಾ ಬಂದವರ ಕಣ್ಣು ನೋಡಿ "ಸ್ಲೋ" ಅಂತ ಬರೆಯೋದು ಹಾಗೇ ಆಗೋದು. ಕುಡಿತವೂ ಇದೇ ಲಿಸ್ಟಿಗೆ ಸೇರುತ್ತೆ.

ನಮ್ಮಲ್ಲಿ ಸ್ಪೆಷಲ್ಲಾಗಿ ಕೇಳ್ಬೇಕಾದ್ದು ತಲೆಸುತ್ತು ಮತ್ತು ಗ್ಯಾಸ್ಟ್ರಿಕ್ ಮಾತ್ರೆ. ತಲೆಸುತ್ತಿಗೆ ಅಂತ ತಿಂಗಳುಗಟ್ಟಲೆ ಸಿನ್ನಾರಿಜಿನ್, ತಲೆನೋವಿಗೆ ಫ್ಲುನಾರಿಜಿನ್, ಗ್ಯಾಸ್‌ಗೆ ಅಂತ ಲೆವೊಸಲ್ಪಿರೈಡ್ ಸೇರಿರೋ ಕ್ಯಾಪ್ಸೂಲು, ವಾಂತಿಗೆ ಮೆಟೊಕ್ಲೊಪ್ರಮೈಡ್, ಇವೆಲ್ಲ ಪಾರ್ಕಿನ್ಸನ್ ಥರಾನೇ ಕಾಣೋ ಸ್ಥಿತಿ ತರಬಹುದು, ನಡಿಗೆ ನಿಧಾನ, ಮುಖದಲ್ಲಿ ಭಾವ ಇಲ್ಲ, ರೆಪ್ಪೆ ಬಡಿಯೋದು ಕಮ್ಮಿ. ಪೇಷೆಂಟು "ಯಾವ ಮಾತ್ರೆನೂ ಇಲ್ಲ, ಬರೀ ಗ್ಯಾಸ್ಟ್ರಿಕ್‌ದು" ಅಂತಾರೆ, ಅದನ್ನ ಅವರು ಔಷಧಿ ಅಂತಾನೇ ಲೆಕ್ಕಕ್ಕೆ ತಗೊಂಡಿರಲ್ಲ. ಹಾಗಾಗಿ ಬಾಯಿ ಮಾತು ನಂಬದೆ ಕವರ್ ಸಮೇತ ಸ್ಟ್ರಿಪ್ಪು ತರಿಸಿ ನೋಡಿ.

ಆಮೇಲೆ ಮನೆಯವರನ್ನ ಕೇಳೋ ಪ್ರಶ್ನೆ. "ಕಣ್ಣು ಹೇಗಿದೆ" ಅಂದ್ರೆ ಪೊರೆ ಆಪರೇಷನ್ ಕಥೆ ಬರುತ್ತೆ. ಇದನ್ನ ಕೇಳಿ: ಮೆಟ್ಟಿಲು ಹತ್ತೋದಕ್ಕಿಂತ ಇಳಿಯೋದು ಕಷ್ಟನಾ? ಊಟಕ್ಕೆ ಕೂತಾಗ ತಟ್ಟೆ ಕಡೆ ನೋಡದೆ ಎದುರಿಗೇ ನೋಡ್ತಾ ತುತ್ತು ಕಲಸ್ತಾರಾ, ಸಾರು ಶರ್ಟ್ ಮೇಲೆ ಬೀಳುತ್ತಾ? ನೆಲದ ಮೇಲೆ ಎಲೆ ಹಾಕಿದ್ರೆ ಎಲೆಯ ಹತ್ತಿರದ ಅಂಚಲ್ಲಿ ಬಡಿಸಿದ್ದು ಹಾಗೇ ಉಳಿಯುತ್ತಾ? ಪೇಪರ್ ಓದೋವಾಗ ಒಂದು ಲೈನಿಂದ ಕೆಳಗಿನ ಲೈನಿಗೆ ಬರೋಕಾಗಲ್ವಾ? ಕನ್ನಡಕ ಎರಡು ಮೂರು ಸಲ ಬದಲಾಯಿಸಿದ್ರೂ "ಸರಿಯಿಲ್ಲ" ಅಂತಾರಾ? ಯಾವಾಗಿಂದ ಬೀಳ್ತಿದ್ದಾರೆ, ಬೀಳೋದು ಹಿಂದಕ್ಕಾ? ಇದಕ್ಕೆಲ್ಲ ಹೌದು ಹೌದು ಅಂದ್ರೆ ಕೆಳಗಡೆ ನೋಟದ ಮೇಲೆ ಡಬಲ್ ಗಮನ ಇಡಿ.

ಹಂತ 2: ಜಾಗ ಮತ್ತು ಸಾಮಾನು

ಬೇಕಾಗಿರೋದು ಎರಡು ಪೆನ್ನು, ಒಂದರ ಕ್ಯಾಪ್ ಕೆಂಪು ಒಂದರದ್ದು ನೀಲಿ. ಟೈಲರ್ ಹತ್ರ ಇರೋ ಅಳತೆ ಟೇಪು. ಸಾಧ್ಯವಾದ್ರೆ ತಿರುಗೋ ಕುರ್ಚಿ. ಫೋನು. ಇಷ್ಟೇ.

ಪೇಷೆಂಟನ್ನ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಮಲಗಿದ್ದಾಗ ಮಾಡಿದ್ರೆ ರೆಪ್ಪೆ ಅರ್ಧ ಮುಚ್ಚಿರುತ್ತೆ, ಏನೂ ಕಾಣಲ್ಲ. ಬೆಳಕು ಅವರ ಮುಖದ ಮೇಲೆ ಬೀಳ್ಬೇಕು, ಕಿಟಕಿ ಅವರ ಬೆನ್ನ ಹಿಂದೆ ಇರಬಾರದು. ನೀವು ಅವರ ಕಣ್ಣಿನ ಮಟ್ಟಕ್ಕೇ ಕೂತ್ಕೊಳ್ಳಿ, ನಿಂತು ಮಾಡಿದ್ರೆ ಅವರು ಶುರುವಿಂದಾನೇ ಮೇಲಕ್ಕೆ ನೋಡ್ತಿರ್ತಾರೆ. ಪೆನ್ನು ಹಿಡಿಯೋದು ಸುಮಾರು 60 ಸೆಂಟಿಮೀಟರ್ ದೂರದಲ್ಲಿ. ತೀರಾ ಮೂಗಿನ ಹತ್ರ ತಂದ್ರೆ ಎರಡೂ ಕಣ್ಣು ಒಳಕ್ಕೆ ಸೇರ್ಕೊಂಡು ಬೇರೆಯೇ ಪರೀಕ್ಷೆ ಆಗ್ಬಿಡುತ್ತೆ.

ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಇದ್ರೆ ತೆಗೆಸಿ, ತೆಗೆದ್ರೆ ಪೆನ್ನೇ ಕಾಣಲ್ಲ ಅನ್ನೋ ಅಷ್ಟು ಪವರ್ ಇದ್ರೆ ಮಾತ್ರ ಬಿಡಿ. ಎರಡೂ ಪೆನ್ನಿನ ಬಣ್ಣ ಕಾಣ್ತಿದ್ಯಾ, ಕಿವಿ ಕೇಳ್ತಿದ್ಯಾ ಅಂತ ಮೊದಲೇ ಕೇಳಿ. ಕಾಣದ ಪೆನ್ನಿನ ಕಡೆ ಯಾರೂ ಜಿಗಿಯಲ್ಲ, ಕೇಳಿಸದ ಮಾತಿಗೆ ತಡವಾಗಿ ತಿರುಗೋದೂ ಸಹಜವೇ.

ಹಂತ 3: ಏನೂ ಮಾಡಿಸದೆ ಸುಮ್ನೆ ನೋಡಿ

ತುಂಬ ಜನ ಸ್ಕಿಪ್ ಮಾಡೋ ಹಂತ ಇದು. ನಿಮ್ಮ ಮೂಗಿನ ತುದಿ ನೋಡ್ತಾ ಇರೋಕೆ ಹೇಳಿ, ಒಂದು ನಿಮಿಷ ಸುಮ್ನೆ ಕೂತ್ಕೊಳ್ಳಿ.

ಮೊದಲು ರೆಪ್ಪೆ ಎಣಿಸಿ. ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 20 ಸಲ ಬಡಿಯುತ್ತೆ. ಪಾರ್ಕಿನ್ಸನ್‌ನಲ್ಲಿ ಕಮ್ಮಿ ಆಗುತ್ತೆ, ಪಿಎಸ್‌ಪಿಯಲ್ಲಿ ಇನ್ನೂ ಇಳಿದು ಬೆರಳೆಣಿಕೆಗೆ ಬರಬಹುದು. ಜೊತೆಗೆ ಹುಬ್ಬು ಮೇಲೆ ಎಳೆದ ಹಾಗೆ, ಹಣೆ ಸುಕ್ಕುಗಟ್ಟಿ, ಆಶ್ಚರ್ಯ ಆದವರ ಥರ ದಿಟ್ಟಿಸಿ ನೋಡೋ ಮುಖ ಪಿಎಸ್‌ಪಿಯಲ್ಲಿ ಕಾಣುತ್ತೆ. ಕಣ್ಣು ಮುಚ್ಚಿದ್ಮೇಲೆ ಬೇಕು ಅಂದಾಗ ತೆರೆಯೋಕೆ ಒದ್ದಾಡ್ತಾರಾ, ಅದನ್ನೂ ಬರ್ಕೊಳ್ಳಿ.

ಆಮೇಲೆ ಗುಡ್ಡೆ ನಿಂತಲ್ಲಿ ನಿಲ್ಲುತ್ತಾ ನೋಡಿ. ಕಣ್ಣು ಪಕ್ಕಕ್ಕೆ ಸಣ್ಣಗೆ ಚಿಮ್ಮಿ, ಅರೆಗಳಿಗೆ ಅಲ್ಲೇ ಇದ್ದು, ಮತ್ತೆ ವಾಪಸ್ ಬರೋದನ್ನ ಸ್ಕ್ವೇರ್ ವೇವ್ ಜರ್ಕ್ ಅಂತಾರೆ. ಅಲ್ಲಿ ನಿಲ್ಲೋ ಹೊತ್ತು ಸುಮಾರು ಸೆಕೆಂಡಿನ ಐದನೇ ಒಂದು ಭಾಗ. ವಯಸ್ಸಾದೋರಲ್ಲಿ ಒಂದೆರಡು ಇದ್ರೆ ತಲೆ ಕೆಡಿಸ್ಕೊಳ್ಬೇಡಿ, ಒಂದಾದ್ಮೇಲೊಂದು ಬರ್ತಾನೇ ಇದ್ರೆ ಅದು ಸುಳಿವು. ಪಿಎಸ್‌ಪಿಯಲ್ಲಿ ಜಾಸ್ತಿ, ಎಂಎಸ್‌ಎ ಅಂದ್ರೆ ಮೆದುಳಿನ ಹಲವು ಭಾಗ ಸವೆಯೋ ಮಲ್ಟಿಪಲ್ ಸಿಸ್ಟಮ್ ಅಟ್ರೋಫಿಯಲ್ಲೂ ಇರುತ್ತೆ, ಫ್ರೀಡ್ರೈಕ್ ಅಟಾಕ್ಸಿಯಾದಲ್ಲೂ ಇರುತ್ತೆ, ಹಾಗಾಗಿ ಇದೊಂದನ್ನೇ ಹಿಡ್ಕೊಂಡು ಏನೂ ಹೇಳೋಕಾಗಲ್ಲ.

ಹಂತ 4: ಎಲ್ಲಿವರೆಗೆ ಹೋಗುತ್ತೆ, ಅಲ್ಲಿ ನಿಲ್ಲುತ್ತಾ

ಪೆನ್ನನ್ನ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಒಯ್ದು ಪ್ರತಿ ಕಡೆ ಐದಾರು ಸೆಕೆಂಡ್ ಹಿಡಿಸಿ. ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತೆ.

ಒಂದು, ಪಕ್ಕಕ್ಕೆ ಒಯ್ಯೋವಾಗ ಕೊನೆ ಅಂಚಿನವರೆಗೂ ಎಳೆಯೋದು. ತೀರಾ ಅಂಚಿಗೆ ಹೋದ್ರೆ ಆರೋಗ್ಯವಾಗಿರೋರ ಕಣ್ಣೂ ಸ್ವಲ್ಪ ಅದುರುತ್ತೆ. 30 ಡಿಗ್ರಿಗೆ ನಿಲ್ಲಿಸಿ, ಅಂದ್ರೆ 60 ಸೆಂಟಿಮೀಟರ್ ದೂರದಲ್ಲಿ ಪೆನ್ನು ಮಧ್ಯದಿಂದ 35 ಸೆಂಟಿಮೀಟರಷ್ಟು ಪಕ್ಕಕ್ಕೆ. ಅಲ್ಲೂ ಕಣ್ಣು ನಿಲ್ಲದೆ ಮಧ್ಯಕ್ಕೆ ಜಾರಿ ಮತ್ತೆ ಪಟ್ ಅಂತ ಹೊರಗೆ ಜಿಗಿಯೋದು ನಡೀತಾನೇ ಇದ್ರೆ ಅದು ಲೆಕ್ಕಕ್ಕೆ ಬರೋ ನಿಸ್ಟ್ಯಾಗ್ಮಸ್, ಸೆರೆಬೆಲ್ಲಂ (ಬ್ಯಾಲೆನ್ಸ್ ನೋಡ್ಕೊಳ್ಳೋ ಕಿರುಮೆದುಳು) ಕಡೆ ಕೈ ತೋರ್ಸುತ್ತೆ.

ಎರಡು, ಕೆಳಗೆ ನೋಡ್ಸೋವಾಗ ರೆಪ್ಪೆ ಎತ್ತದೇ ಇರೋದು. ಕಣ್ಣು ಕೆಳಗೆ ಹೋದ್ರೆ ರೆಪ್ಪೆಯೂ ಜೊತೆಗೇ ಇಳಿದು ಗುಡ್ಡೆ ಮುಚ್ಚಿಬಿಡುತ್ತೆ, ನೀವು ರೆಪ್ಪೆ ಇಳಿದದ್ದು ನೋಡಿ ಕಣ್ಣು ಇಳಿಯಿತು ಅಂದ್ಕೊಳ್ತೀರ. ಎಡಗೈ ಹೆಬ್ಬೆರಳಲ್ಲಿ ಮೇಲಿನ ರೆಪ್ಪೆ ಮೆಲ್ಲಗೆ ಎತ್ತಿ ಹಿಡ್ಕೊಳ್ಳಿ. ಮೊದಲೇ ಹೇಳಿ ಮಾಡಿ, ಇಲ್ಲಾಂದ್ರೆ ಗಾಬರಿ ಬೀಳ್ತಾರೆ.

ಮೇಲಿನ ನೋಟ ವಯಸ್ಸಿನಿಂದಲೇ ಕಮ್ಮಿ ಆಗುತ್ತೆ. 75 ದಾಟಿದ ಅಜ್ಜಿ ಮೇಲೆ ಪೂರ್ತಿ ನೋಡ್ಲಿಲ್ಲ ಅಂತ ಹೆದರಿಸ್ಬೇಡಿ. ಕೆಳಗಿನ ನೋಟ ಕಮ್ಮಿ ಆಗೋದಕ್ಕೆ ವಯಸ್ಸಿನ ನೆಪ ಹೇಳೋದು ಕಷ್ಟ, ಅದಕ್ಕೇ ಅದರ ಬೆಲೆ ಜಾಸ್ತಿ.

ಹಂತ 5: ಜಿಗಿತ, ಅಂದ್ರೆ ಸ್ಯಾಕೇಡ್. ಇಲ್ಲಿ ಟೈಮ್ ಕೊಡಿ

ಸಾಮಾನ್ಯವಾಗಿ ಬೆರಳು ಫಾಲೋ ಮಾಡ್ಸಿ ಆಮೇಲೆ ಸ್ಯಾಕೇಡ್ ಮಾಡ್ತಾರೆ. ನಾನು ಉಲ್ಟಾ ಹೇಳ್ತೀನಿ, ಸ್ಯಾಕೇಡ್ ಮೊದಲು ಮಾಡಿ. ಸುಸ್ತಾದ್ರೆ, ತೂಕಡಿಕೆ ಬಂದ್ರೆ ಸ್ಯಾಕೇಡ್ ನಿಧಾನ ಆಗುತ್ತೆ, ಅದಕ್ಕೆ ಪೇಷೆಂಟು ಫ್ರೆಶ್ ಆಗಿರೋವಾಗ ಇದು ಮುಗೀಬೇಕು, ಇನ್ನೊಂದು ಕಾರಣ ಏನಂದ್ರೆ ಫಾಲೋ ಮಾಡ್ಸಿದ್ಮೇಲೆ "ಆಯ್ತಲ್ಲ" ಅಂತ ನೀವೇ ಎದ್ದು ಹೋಗ್ತೀರ.

ಮಾಡೋ ಕ್ರಮ ಹೀಗೆ. ಕೆಂಪು ಪೆನ್ನು ಒಂದು ಕೈಯಲ್ಲಿ, ನೀಲಿ ಇನ್ನೊಂದು ಕೈಯಲ್ಲಿ. 60 ಸೆಂಟಿಮೀಟರ್ ದೂರದಲ್ಲಿ ಎರಡರ ಮಧ್ಯೆ 20 ಸೆಂಟಿಮೀಟರ್ ಬಿಟ್ರೆ ಹೆಚ್ಚುಕಮ್ಮಿ 20 ಡಿಗ್ರಿ ಜಿಗಿತ ಆಗುತ್ತೆ. "ತಲೆ ಅಲ್ಲಾಡಿಸ್ಬೇಡಿ ಅಜ್ಜ, ಕಣ್ಣು ಮಾತ್ರ. ನಾನು ಕೆಂಪು ಅಂದ್ರೆ ಕೆಂಪು, ನೀಲಿ ಅಂದ್ರೆ ನೀಲಿ" ಅಂತ ಹೇಳಿ ಒಂದೆರಡು ಸಲ ಪ್ರಾಕ್ಟೀಸ್ ಮಾಡ್ಸಿ. ಅಡ್ಡಡ್ಡ ಏಳೆಂಟು ಜಿಗಿತ ಆದ್ಮೇಲೆ ಪೆನ್ನುಗಳನ್ನ ಮೇಲೆ ಕೆಳಗೆ ಇಟ್ಟು ಅಷ್ಟೇ ಮಾಡ್ಸಿ. ತಾಳ ಹಾಕಿದ ಹಾಗೆ ಕೆಂಪು-ನೀಲಿ-ಕೆಂಪು-ನೀಲಿ ಅಂತ ಹೇಳ್ಬೇಡಿ, ನೀವು ಹೇಳೋಕೆ ಮುಂಚೆನೇ ಕಣ್ಣು ಹೊರಟುಬಿಡುತ್ತೆ, ಎಷ್ಟು ತಡ ಆಯ್ತು ಅಂತ ಗೊತ್ತಾಗಲ್ಲ. ಗ್ಯಾಪ್ ಏರುಪೇರು ಮಾಡಿ.

ನೋಡ್ಬೇಕಾದ್ದು ನಾಲ್ಕು, ಇದನ್ನ ಕಲಸ್ಬೇಡಿ.

ಸ್ಪೀಡು. ನಾರ್ಮಲ್ ಆಗಿದ್ರೆ 20 ಡಿಗ್ರಿ ಜಿಗಿತ ಸುಮಾರು 60ರಿಂದ 70 ಮಿಲಿಸೆಕೆಂಡಲ್ಲಿ ಮುಗಿದುಹೋಗುತ್ತೆ, ಕಣ್ಣು ಇಲ್ಲಿತ್ತು ಈಗ ಅಲ್ಲಿದೆ, ಮಧ್ಯದ ದಾರಿ ನಿಮಗೆ ಕಾಣೋದೇ ಇಲ್ಲ. ದಾರಿಯಲ್ಲಿ ಗುಡ್ಡೆ ಹೋಗ್ತಾ ಇರೋದು ನಿಮ್ಮ ಬರಿಗಣ್ಣಿಗೆ ಕಾಣ್ತು ಅಂದ್ರೆ ಅದು ಸ್ಲೋ. ಇಷ್ಟು ಸರಳ ರೂಲು, ಆದ್ರೂ ಮರೀತಾರೆ.

ಉದ್ದ. ಒಂದೇ ಸಲಕ್ಕೆ ಪೆನ್ನು ಮುಟ್ಟುತ್ತಾ, ಸ್ವಲ್ಪ ಹಿಂದೆ ನಿಂತು ಮತ್ತೊಂದು ಪುಟ್ಟ ಜಿಗಿತದಲ್ಲಿ ಮುಟ್ಟುತ್ತಾ? ಒಂದು ತಿದ್ದುಪಡಿ ನಾರ್ಮಲ್. ಮೂರು ನಾಲ್ಕು ಮೆಟ್ಟಿಲು ಹಾಕ್ಕೊಂಡು ಹೋದ್ರೆ ಹೈಪೋಮೆಟ್ರಿಕ್, ಪಾರ್ಕಿನ್ಸನ್‌ನಲ್ಲಿ ಸಿಗೋದು ಇದು. ಪೆನ್ನು ದಾಟಿ ಮುಂದೆ ಹೋಗಿ ವಾಪಸ್ ಬಂದ್ರೆ ಹೈಪರ್‌ಮೆಟ್ರಿಕ್, ಸೆರೆಬೆಲ್ಲಂ ಗುಮಾನಿ.

ಶುರು. ಹೇಳಿದ್ಮೇಲೆ ಹೊರಡೋಕೆ ಎಷ್ಟು ಹೊತ್ತು? ನಾರ್ಮಲ್ ಆಗಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು. ಹೊರಡೋಕೆ ತಡ, ಹೊರಟ್ಮೇಲೆ ಸ್ಪೀಡ್ ಸರಿ ಇದೆ ಅಂದ್ರೆ ಕಾರ್ಟಿಕೋಬೇಸಲ್ ಸಿಂಡ್ರೋಮ್ (ಒಂದು ಕಡೆಯ ಕೈಕಾಲು ಹೆಚ್ಚು ಕೆಡೋ ಮೆದುಳಿನ ಕಾಯಿಲೆ) ನೆನಪಿಸ್ಕೊಳ್ಳಿ. ರೆಪ್ಪೆ ಬಡಿದು ಅಥವಾ ತಲೆ ಎಸೆದು ಕಣ್ಣನ್ನ ಹೊರಡಿಸ್ತಾರಾ ನೋಡಿ, ಹಂಟಿಂಗ್ಟನ್‌ನಲ್ಲಿ (ಕೈಕಾಲು ತಾನಾಗಿ ಕುಣಿಯೋ, ಮನೆತನದಲ್ಲಿ ಬರೋ ಕಾಯಿಲೆ) ಹೀಗೆ ಮಾಡ್ತಾರೆ. ಚಿಕ್ಕ ಮಕ್ಕಳು ತಲೆಯನ್ನೇ ಪೆನ್ನಿಗಿಂತ ಆಚೆ ಎಸೆದು ಕಣ್ಣನ್ನ ಎಳ್ಕೊಂಡು ಹೋಗ್ತಿದ್ರೆ ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ (ಮಕ್ಕಳಲ್ಲಿ ಬರೋ ಒಂದು ಆನುವಂಶಿಕ ಅಟಾಕ್ಸಿಯಾ) ಥರದ್ದನ್ನ ಯೋಚಿಸ್ಬೇಕು.

ದಾರಿ. ಮೇಲಿಂದ ಕೆಳಗೆ ನೇರವಾಗಿ ಇಳಿಯೋ ಬದಲು ಪಕ್ಕಕ್ಕೆ ಬಿಲ್ಲಿನ ಥರ ಬಾಗಿ ಸುತ್ತಿ ಇಳಿಯೋದು ಪಿಎಸ್‌ಪಿಯಲ್ಲಿ ಕಾಣೋ ಚಿಹ್ನೆ. ಅಡ್ಡ ಹೋಗೋ ಜಿಗಿತ ಇನ್ನೂ ಚೆನ್ನಾಗಿದ್ದು ಉದ್ದುದ್ದ ಜಿಗಿತ, ಅಂದ್ರೆ ಮೇಲೆ-ಕೆಳಗೆ ಹೋಗೋದು, ಕೆಟ್ಟಿದ್ದಾಗ ಕಣ್ಣು ಹೀಗೆ ಬಳಸು ದಾರಿ ಹಿಡಿಯುತ್ತೆ.

ಈ ಹಂತದ ದೊಡ್ಡ ತಪ್ಪು ಯಾವುದಂದ್ರೆ "ಕೆಳಗೆ ಪೂರ್ತಿ ಹೋಯ್ತು, ಹಾಗಾಗಿ ನಾರ್ಮಲ್" ಅನ್ನೋದು. ಪಿಎಸ್‌ಪಿಯಲ್ಲಿ ಮೊದಲು ಕೆಡೋದು ಉದ್ದುದ್ದ ಜಿಗಿತದ ಸ್ಪೀಡು, ರೇಂಜು ಕಮ್ಮಿಯಾಗೋದು ಆಮೇಲೆ. 2017ರ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿಯ ಮಾನದಂಡದಲ್ಲೂ ಇದನ್ನ ಖಚಿತತೆಯ ಬೇರೆ ಬೇರೆ ಮಟ್ಟವಾಗೇ ಇಟ್ಟಿದ್ದಾರೆ: ಉದ್ದುದ್ದ ನೋಟದ ಪಾಲ್ಸಿ (ಕಣ್ಣು ಮೇಲೆ-ಕೆಳಗೆ ಪೂರ್ತಿ ಹೋಗದಿರೋದು) ಮೊದಲ ಮಟ್ಟ, ಉದ್ದುದ್ದ ಸ್ಯಾಕೇಡ್ ನಿಧಾನ ಎರಡನೇ ಮಟ್ಟ, ದೊಡ್ಡ ದೊಡ್ಡ ಸ್ಕ್ವೇರ್ ವೇವ್ ಜರ್ಕ್ ಅಥವಾ ರೆಪ್ಪೆ ತೆರೆಯೋ ತೊಂದರೆ ಮೂರನೇದು. ಅಂದ್ರೆ ಕಣ್ಣು ಪೂರ್ತಿ ಕೆಳಗೆ ಹೋಗ್ತಿದ್ರೂ ನಿಧಾನವಾಗಿ ಹೋಗ್ತಿದ್ರೆ ಅದೂ ಲೆಕ್ಕಕ್ಕಿದೆ.

ಹಂತ 6: ಈಗ ಫಾಲೋ ಮಾಡ್ಸಿ

ಪೆನ್ನು ನಿಧಾನವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ, ನಾಲ್ಕೈದು ಸೆಕೆಂಡಿಗೆ ಒಂದು ಸಲ ದಾಟೋ ಹಾಗೆ. ಅವಸರಕ್ಕೆ ಬೀಸಿದ್ರೆ ಯಾರಾದ್ರೂ ಹಿಡಿಯೋಕಾಗದೆ ಸಣ್ಣ ಜಿಗಿತ ಹಾಕ್ತಾರೆ. ನಿಧಾನವಾಗಿ ಒಯ್ದಾಗಲೂ ಕಣ್ಣು ತಡವರಿಸಿ ತಡವರಿಸಿ ಹೋದ್ರೆ ಬರ್ಕೊಳ್ಳಿ, ಆದ್ರೆ ಇದಕ್ಕೆ ಜಾಸ್ತಿ ಬೆಲೆ ಕೊಡ್ಬೇಡಿ. ವಯಸ್ಸು, ಮಾತ್ರೆ, ಗಮನ ಇಲ್ಲದಿರೋದು, ಎಲ್ಲದರಲ್ಲೂ ಹೀಗಾಗುತ್ತೆ.

ಹಂತ 7: ತಲೆ ತಿರುಗಿಸಿ ನೋಡೋದು

ಕಣ್ಣು ಕೆಳಗೆ ಹೋಗ್ತಿಲ್ಲ ಅಂತಾಯ್ತು. ಮಾಂಸಖಂಡ ಕೆಟ್ಟಿದ್ಯಾ, ನರ ಕೆಟ್ಟಿದ್ಯಾ, ಇಲ್ಲ ಮೇಲಿಂದ ಬರೋ ಆರ್ಡರ್ ಕೆಟ್ಟಿದ್ಯಾ? ಪಿಎಸ್‌ಪಿ ಹೆಸರಲ್ಲಿರೋ ಸುಪ್ರಾನ್ಯೂಕ್ಲಿಯರ್ ಅನ್ನೋದರ ಅರ್ಥ ಕೊನೇದು. ಬಲ್ಬು ವೈರು ಸರಿಯಿದ್ದು ಸ್ವಿಚ್ಚು ಕೆಟ್ಟ ಹಾಗೆ.

ಪೇಷೆಂಟಿಗೆ ಎದುರಿಗಿರೋ ನಿಮ್ಮ ಮೂಗನ್ನ ನೋಡ್ತಾ ಇರೋಕೆ ಹೇಳಿ, ಎರಡೂ ಕೈಯಲ್ಲಿ ತಲೆ ಹಿಡಿದು ನಿಧಾನವಾಗಿ ಹಿಂದಕ್ಕೆ ಬಾಗಿಸಿ. ತಲೆ ಹಿಂದೆ ಹೋದ್ರೂ ನೋಟ ನಿಮ್ಮ ಮೂಗಲ್ಲೇ ಇದ್ರೆ ಕಣ್ಣು ತನ್ನ ಗೂಡಲ್ಲಿ ಕೆಳಕ್ಕೆ ಇಳಿದಿದೆ ಅಂತಾಯ್ತು. ತಾನಾಗಿ ಇಳಿಯದ ಕಣ್ಣು ಹೀಗೆ ಇಳಿದ್ರೆ ಸ್ನಾಯು, ನರ ಎರಡೂ ಸರಿಯಿದೆ, ತೊಂದರೆ ಮೇಲ್ಗಡೆ. ಇಲ್ಲೂ ಇಳಿಯದಿದ್ರೆ ಮಯಸ್ತೇನಿಯಾ (ಸ್ನಾಯು ಬೇಗ ಸೋಲೋ ಕಾಯಿಲೆ), ಥೈರಾಯ್ಡ್ ಕಣ್ಣು, ನರದ ಪೆಟ್ಟು ಇವನ್ನ ಹುಡುಕ್ಬೇಕು, ಕಾಯಿಲೆ ತುಂಬ ಮುಂದುವರಿದ ಪಿಎಸ್‌ಪಿಯಲ್ಲೂ ಇದು ಹೋಗಿರಬಹುದು.

ಎಚ್ಚರಿಕೆ: ಪಿಎಸ್‌ಪಿಯವರ ಕುತ್ತಿಗೆ ಮರದ ಕೊರಡಿನಷ್ಟು ಬಿಗಿ ಇರುತ್ತೆ, ವಯಸ್ಸಾದೋರಲ್ಲಿ ಕುತ್ತಿಗೆ ಸವೆತ ಇದ್ದೇ ಇರುತ್ತೆ. ಜೋರು ಮಾಡ್ಬೇಡಿ. ಕುತ್ತಿಗೆ ಪೆಟ್ಟು, ರುಮಟಾಯ್ಡ್ ಆರ್ಥ್ರೈಟಿಸ್, ಇತ್ತೀಚೆಗೆ ಬಿದ್ದಿರೋದು ಇದ್ರೆ ಈ ಹಂತ ಬಿಡಿ. ಮನೆಯವರು ಇದನ್ನ ಮಾಡೋದೇ ಬೇಡ.

ತಿರುಗೋ ಕುರ್ಚಿ ಇದ್ರೆ ಇನ್ನೊಂದು ಒಳ್ಳೇ ಟೆಸ್ಟಿದೆ. ಪೇಷೆಂಟು ಎರಡೂ ಕೈ ಮುಂದೆ ಚಾಚಿ ಹೆಬ್ಬೆರಳು ಎತ್ತಿ ಉಗುರನ್ನೇ ನೋಡ್ಬೇಕು, ನೀವು ಕುರ್ಚಿಯನ್ನ ಮೆಲ್ಲಗೆ ಆಚೆ ಈಚೆ ತಿರುಗಿಸ್ಬೇಕು. ಕೈ, ತಲೆ, ದೇಹ ಒಟ್ಟಿಗೇ ತಿರುಗೋದ್ರಿಂದ ಕಣ್ಣು ಅಲ್ಲಾಡಬಾರದು. ಜಾರಿ ಜಾರಿ ಜಿಗಿದ್ರೆ ಸೆರೆಬೆಲ್ಲಂ ದಾರಿ ಕೆಟ್ಟಿದೆ ಅಂತ, ಎಂಎಸ್‌ಎ ಮತ್ತು ಸ್ಪೈನೋಸೆರೆಬೆಲ್ಲಾರ್ ಅಟಾಕ್ಸಿಯಾಗಳಲ್ಲಿ (ಎಸ್‌ಸಿಎ, ಮನೆತನದಲ್ಲಿ ಬರೋ ಅಟಾಕ್ಸಿಯಾ) ಸಿಗುತ್ತೆ. ಚಕ್ರದ ಕುರ್ಚಿ ಜಾರದ ಹಾಗೆ ಇನ್ನೊಬ್ಬರು ಹಿಡ್ಕೊಂಡಿರಲಿ.

ಹಂತ 8: ಟೈಲರ್ ಟೇಪು

ಸ್ಯಾಕೇಡ್ ಸ್ಲೋನೋ ಅಲ್ವೋ ಅಂತ ಡೌಟ್ ಇದ್ದಾಗ ಇದು ಕಾಪಾಡುತ್ತೆ. ಟೇಪನ್ನ ಕಣ್ಣ ಮುಂದೆ ಉದ್ದಕ್ಕೆ ಹಿಡಿದು ಒಂದೇ ಸಮ ಮೇಲಕ್ಕೆ ಎಳೀತಾ ಹೋಗಿ, "ಮುಂದೆ ಬರೋ ಒಂದೊಂದು ನಂಬರೂ ನೋಡಿ" ಅನ್ನಿ. ಟೇಪ್ ಮೇಲೆ ಹೋದಾಗ ಕಣ್ಣು ಅದರ ಜೊತೆ ಮೇಲೆ ಜಾರುತ್ತೆ, ಆಮೇಲೆ ಕೆಳಕ್ಕೆ ಜಿಗಿದು ಮುಂದಿನ ನಂಬರ್ ಹಿಡಿಯುತ್ತೆ. ಹಾಗಾಗಿ ಕೆಳಗಿನ ಜಿಗಿತ ಟೆಸ್ಟ್ ಮಾಡೋಕೆ ಟೇಪ್ ಮೇಲಕ್ಕೆ ಎಳೀಬೇಕು, ಉಲ್ಟಾ ಎಳೆಯೋರೇ ಜಾಸ್ತಿ. ಪಿಎಸ್‌ಪಿಯಲ್ಲಿ ಆ ಕೆಳಗಿನ ಜಿಗಿತ ಬರದೆ ಕಣ್ಣು ಟೇಪಿನ ಜೊತೆ ಮೇಲೆ ಹೋಗಿ ಅಲ್ಲೇ ಸಿಕ್ಕಾಕ್ಕೊಳ್ಳುತ್ತೆ. ಟೇಪನ್ನ ಅಡ್ಡ ಎಳೆದು ಹೋಲಿಸಿ ನೋಡಿ, ಅಡ್ಡ ಸರಿ, ಉದ್ದ ಕೆಟ್ಟಿದೆ ಅಂದ್ರೆ ಡೌಟ್ ಕಮ್ಮಿ ಆಗುತ್ತೆ.

ಹಂತ 9: ಉಲ್ಟಾ ನೋಡ್ಸೋದು, ಹತ್ರ ನೋಡ್ಸೋದು

ನಿಮ್ಮ ಎರಡೂ ಕೈ ಅವರ ಎಡಬಲಕ್ಕೆ ಚಾಚಿ, "ಯಾವ ಕಡೆ ಬೆರಳು ಅಲ್ಲಾಡುತ್ತೋ ಅದನ್ನ ಬಿಟ್ಟು ಇನ್ನೊಂದು ಕಡೆ ನೋಡಿ" ಅನ್ನಿ. ಆರೋಗ್ಯವಾಗಿರೋರೂ ಆಗಾಗ ತಪ್ಪು ಮಾಡ್ತಾರೆ, ಆದ್ರೆ ತಕ್ಷಣ ತಿದ್ದಿಕೊಳ್ತಾರೆ. ಪದೇ ಪದೇ ಅಲ್ಲಾಡೋ ಬೆರಳಿನ ಕಡೆಗೇ ಹೋಗಿ ತಿದ್ದಿಕೊಳ್ಳದೇ ಇದ್ರೆ ಮುಂಭಾಗದ ಮೆದುಳಿನ ಬ್ರೇಕು ಹಿಡೀತಿಲ್ಲ. ಹಂಟಿಂಗ್ಟನ್, ಪಿಎಸ್‌ಪಿ, ಆಲ್ಜೈಮರ್ ಎಲ್ಲದರಲ್ಲೂ ಕಾಣುತ್ತೆ. ಪ್ರಶ್ನೆಯೇ ಅರ್ಥ ಆಗಿಲ್ಲದಿದ್ರೆ ಟೆಸ್ಟಿಗೆ ಅರ್ಥ ಇಲ್ಲ, ಅದಕ್ಕೆ "ಈಗ ಏನ್ ಮಾಡ್ಬೇಕು ಹೇಳಿ" ಅಂತ ಅವರ ಬಾಯಲ್ಲೇ ಹೇಳಿಸಿ.

ಆಮೇಲೆ ಪೆನ್ನನ್ನ ನಿಧಾನವಾಗಿ ಮೂಗಿನ ಹತ್ರ ತನ್ನಿ, ಎರಡು ಕಾಣ್ತಾ ಕೇಳಿ. ಪಾರ್ಕಿನ್ಸನ್‌ನವರು ಓದೋವಾಗ ಅಕ್ಷರ ಎರಡೆರಡು ಕಾಣುತ್ತೆ ಅಂತಾರಲ್ಲ, ಹೆಚ್ಚಾಗಿ ಕಣ್ಣುಗಳು ಒಳಕ್ಕೆ ಸೇರದೆ ಆಗೋದು. ಇದಕ್ಕೆ ಪ್ರಿಸಂ ಕನ್ನಡಕದಂಥ ಉಪಾಯ ಇದೆ, ಅದಕ್ಕೇ ಇದನ್ನ ಬರೆದಿಡೋದು ಪೇಷೆಂಟಿಗೆ ನೇರ ಉಪಯೋಗ.

ಹಂತ 10: ವಿಡಿಯೋ ಮಾಡೋದು

ಮನೆಯವರು ಮಾಡಬಹುದಾದ ಭಾಗ ಇದೇ. ಫೋನನ್ನ ಅಡ್ಡ ಹಿಡಿದು ಎರಡೂ ಕಣ್ಣು, ಹುಬ್ಬು ಫ್ರೇಮಲ್ಲಿ ತುಂಬೋ ಹಾಗೆ, ಕಣ್ಣಿನ ಮಟ್ಟದಲ್ಲೇ ಯಾವುದಾದ್ರೂ ಸ್ಟ್ಯಾಂಡಿಗೆ ಒರಗಿಸಿ. ಮಾಮೂಲಿ ವಿಡಿಯೋ ಸೆಕೆಂಡಿಗೆ 30 ಫ್ರೇಮು, ಅಂದ್ರೆ ನಾರ್ಮಲ್ ಜಿಗಿತ ಎರಡೇ ಫ್ರೇಮಲ್ಲಿ ಮುಗಿಯುತ್ತೆ. ಸ್ಲೋ ಮೋಷನ್ 240 ಇದ್ರೆ ಅದೇ ಜಿಗಿತಕ್ಕೆ 15 ಫ್ರೇಮು ಸಿಗುತ್ತೆ. ಆದ್ರೆ ಸ್ಲೋ ಮೋಷನ್‌ನಲ್ಲಿ ಎಲ್ಲರ ಕಣ್ಣೂ ಸ್ಲೋ ಆಗೇ ಕಾಣುತ್ತೆ, ಅದನ್ನ ನೋಡಿ ಗಾಬರಿ ಆಗೋರು ತುಂಬ ಜನ. ಅದೇ ಜಾಗದಲ್ಲಿ, ಅದೇ ಪೆನ್ನಲ್ಲಿ, ಅದೇ ಸೆಟ್ಟಿಂಗಲ್ಲಿ ಮನೆಯಲ್ಲಿರೋ ಇನ್ನೊಬ್ಬರದ್ದೂ ಒಂದು ತೆಗೀರಿ, ವಯಸ್ಸಲ್ಲಿ ಹತ್ತಿರ ಇರೋರಾದ್ರೆ ಒಳ್ಳೇದು. ಡಾಕ್ಟರಿಗೆ ಎರಡನ್ನೂ ತೋರಿಸಿ.

ತೆಗೆಯೋದು ಮೂರು ತುಣುಕು ಸಾಕು: ಸುಮ್ನೆ ನೋಡೋದು ಒಂದು ನಿಮಿಷ, ಅಡ್ಡ ಜಿಗಿತ, ಉದ್ದ ಜಿಗಿತ. ಕೆಂಪು-ನೀಲಿ ಹೇಳೋ ದನಿ ವಿಡಿಯೋದಲ್ಲಿ ಕೇಳಿಸ್ಬೇಕು. ವಾಟ್ಸಾಪಲ್ಲಿ ಮಾಮೂಲಿಯಾಗಿ ಕಳಿಸಿದ್ರೆ ಕಂಪ್ರೆಸ್ ಆಗಿ ಕೆಡುತ್ತೆ, ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡಿ, ಇಲ್ಲ ಫೋನನ್ನೇ ತಗೊಂಡು ಹೋಗಿ. ನಡಿಗೆ ಮತ್ತು ಕುರ್ಚಿಯಿಂದ ಏಳೋದನ್ನೂ ಬೇರೆ ವಿಡಿಯೋ ಮಾಡಿದ್ರೆ ಇನ್ನೂ ಉಪಕಾರ. ಯಾರದ್ದೇ ವಿಡಿಯೋ ಆಗ್ಲಿ, ಕೇಳಿ ತೆಗೀರಿ, ಗ್ರೂಪಿಗೆ ಹಾಕ್ಬೇಡಿ.

ಹಂತ 11: ಯಾವುದು ಯಾವ ಕಡೆ ಕೈ ತೋರ್ಸುತ್ತೆ

ಉದ್ದುದ್ದ ಜಿಗಿತ ಸ್ಲೋ, ಅದರಲ್ಲೂ ಕೆಳಕ್ಕೆ, ಜೊತೆಗೆ ಮೊದಲ ಮೂರು ವರ್ಷದೊಳಗೇ ಬೀಳೋದು, ಪಾರ್ಕಿನ್ಸನ್‌ಗೆ ಕೊಡೋ ಲೆವೊಡೋಪಾ ಮಾತ್ರೆಗೆ ಗುಣ ಅಷ್ಟಕ್ಕಷ್ಟೇ: ಪಿಎಸ್‌ಪಿ. ನಡುಮೆದುಳಲ್ಲಿ ಉದ್ದುದ್ದ ಜಿಗಿತ ಹುಟ್ಟಿಸೋ ಜಾಗ ಸವೆಯೋದ್ರಿಂದ ಹೀಗಾಗುತ್ತೆ. ಶುರುವಿನ ವರ್ಷಗಳಲ್ಲಿ ಎಷ್ಟೋ ಜನರಿಗೆ ಪಾರ್ಕಿನ್ಸನ್ ಅಂತಾನೇ ಟ್ರೀಟ್‌ಮೆಂಟ್ ನಡೆದಿರುತ್ತೆ.

ಜಿಗಿತ ಗಿಡ್ಡ, ಸ್ಪೀಡು ಸರಿ, ಹತ್ರದ ನೋಟ ಕಷ್ಟ: ಪಾರ್ಕಿನ್ಸನ್‌ಗೆ ಹೊಂದುತ್ತೆ. ಪಾರ್ಕಿನ್ಸನ್ ಅಂತ ಹೇಳಿರೋರ ಉದ್ದುದ್ದ ಜಿಗಿತ ನಿಜವಾಗ್ಲೂ ಸ್ಲೋ ಇದ್ರೆ ಡಯಾಗ್ನೋಸಿಸ್ ಮತ್ತೆ ನೋಡೋಕೆ ಕೇಳಿ.

ಬಿಪಿ ನಿಂತ ತಕ್ಷಣ ಇಳಿಯೋದು, ಮೂತ್ರದ ತೊಂದರೆ, ಜೊತೆಗೆ ಪಕ್ಕಕ್ಕೆ ನೋಡಿದಾಗ ಅದುರೋದು, ಕುರ್ಚಿ ಟೆಸ್ಟ್ ಫೇಲು: ಎಂಎಸ್‌ಎ ಯೋಚಿಸಿ. ಇದರಲ್ಲೂ ಸ್ಯಾಕೇಡ್ ಸ್ಪೀಡು ಸಾಮಾನ್ಯವಾಗಿ ಉಳಿದಿರುತ್ತೆ.

ನಡಿಗೆ ತೂರಾಡೋದು, ಮನೆಯಲ್ಲಿ ಇನ್ನೊಬ್ಬರಿಗೂ ಹೀಗೇ ಇರೋದು, ಜೊತೆಗೆ ಅಡ್ಡ ಜಿಗಿತ ತೀರಾ ಸ್ಲೋ: ಎಸ್‌ಸಿಎ 2. ಅಟಾಕ್ಸಿಯಾದ ಜೊತೆ ನಿಧಾನ ಕಣ್ಣು ಬರೋ ಕುಟುಂಬಗಳನ್ನ 1971ರಲ್ಲೇ ಮುಂಬೈಯ ಡಾ. ನೋಶಿರ್ ವಾಡಿಯಾ ಮತ್ತು ಸ್ವಾಮಿ ವರದಿ ಮಾಡಿದ್ರು, ಜೀನ್ ಸಿಕ್ಕಿದ್ದು 1996ರಲ್ಲಿ. ಎಸ್‌ಸಿಎ 3ರಲ್ಲಿ ಕಣ್ಣು ಉಬ್ಬಿದ ಹಾಗೆ ಕಾಣೋದು, ಪಕ್ಕಕ್ಕೆ ನೋಡಿದ್ರೆ ಅದುರೋದು ಜಾಸ್ತಿ. ಎಸ್‌ಸಿಎ 6ರಲ್ಲಿ ಕೆಳಕ್ಕೆ ಬಡಿಯೋ ನಿಸ್ಟ್ಯಾಗ್ಮಸ್. ಕೊನೆಗೆ ಹೇಳೋದು ಜೆನೆಟಿಕ್ ಟೆಸ್ಟು, ಅದಕ್ಕೆ ಮುಂಚೆ ಕೌನ್ಸೆಲಿಂಗ್ ಬೇಕು, ಯಾಕಂದ್ರೆ ರಿಸಲ್ಟು ಒಬ್ಬರದ್ದಾದ್ರೂ ತಟ್ಟೋದು ಮಕ್ಕಳಿಗೂ.

ಹರೆಯದ ಹುಡುಗ ಹುಡುಗಿಯಲ್ಲಿ ಉದ್ದುದ್ದ ಜಿಗಿತ ಕೆಟ್ಟಿದೆ, ಓದಿನಲ್ಲಿ ಹಿಂದೆ ಬಿದ್ದಿದ್ದಾರೆ, ನಕ್ಕಾಗ ಕಾಲು ಸೋತು ಕುಸೀತಾರೆ ಅಂದ್ರೆ ನೀಮನ್-ಪಿಕ್ ಸಿ, ಜೀವಕೋಶಗಳಲ್ಲಿ ಕೊಬ್ಬು ತುಂಬಿಕೊಳ್ಳೋ ಆನುವಂಶಿಕ ಕಾಯಿಲೆ. ಅಪರೂಪ, ಆದ್ರೆ ಮಿಗ್ಲುಸ್ಟಾಟ್ ಅನ್ನೋ ಔಷಧಿ ಇದೆ, ತಪ್ಪಿಸ್ಕೊಂಡ್ರೆ ನಷ್ಟ. ಅಡ್ಡ ಜಿಗಿತ ಸ್ಲೋ ಇದ್ದು ಗುಲ್ಮ ದೊಡ್ಡದಿರೋ ಮಗುವಲ್ಲಿ ಇದೇ ಥರದ ಇನ್ನೊಂದು ಆನುವಂಶಿಕ ಕಾಯಿಲೆ, ಗೋಶೆ ಮೂರನೇ ವಿಧ.

ಇನ್ನು ಎಎಲ್‌ಎಸ್, ಅಂದ್ರೆ ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಕೈಕಾಲು, ಮಾತು ಹೋದ್ಮೇಲೂ ಕಣ್ಣಿನ ಚಲನೆ ತುಂಬ ಕಾಲ ಉಳಿಯುತ್ತೆ, ಅದಕ್ಕೇ ಅವರಿಗೆ ಕಣ್ಣಲ್ಲಿ ಟೈಪ್ ಮಾಡೋ ಮೆಷಿನ್ ಕೊಡೋದು. ಶುರುವಿಗೇ ಕಣ್ಣು ಕೆಟ್ಟಿದ್ರೆ ಬೇರೆ ಏನಾದ್ರೂ ಇದ್ಯಾ ಅಂತ ನೋಡ್ಬೇಕು.

ಕಾಯದೆ ಆಸ್ಪತ್ರೆಗೆ ಓಡ್ಬೇಕಾದ್ದು

ಮೇಲಿನ ಕಾಯಿಲೆಗಳೆಲ್ಲ ತಿಂಗಳು, ವರ್ಷ ತಗೊಂಡು ಬರೋವು. ಇವತ್ತು ಬೆಳಿಗ್ಗೆ ಶುರುವಾದ ಡಬಲ್ ಕಾಣೋದು, ಒಂದು ಕಣ್ಣಿನ ರೆಪ್ಪೆ ಬಿದ್ದು ಪಾಪೆ ದೊಡ್ಡದಾಗಿರೋದು, ತಲೆಸುತ್ತಿನ ಜೊತೆ ಮಾತು ತೊದಲೋದು, ಕಡು ತಲೆನೋವು, ಇವು ಪಾರ್ಶ್ವವಾಯು ಅಥವಾ ರಕ್ತನಾಳದ ತೊಂದರೆ ಆಗಿರಬಹುದು, ಪೆನ್ನು ಹುಡುಕ್ತಾ ಕೂರ್ಬೇಡಿ. ಕುಡಿಯೋರಲ್ಲಿ, ದಿನಗಟ್ಟಲೆ ವಾಂತಿ ಆದವರಲ್ಲಿ, ಊಟ ಬಿಟ್ಟವರಲ್ಲಿ ಗೊಂದಲ, ತೂರಾಟ, ಕಣ್ಣು ಅದುರೋದು ಬಂದ್ರೆ ವರ್ನಿಕೆ (ಥಯಮಿನ್, ಅಂದ್ರೆ ವಿಟಮಿನ್ ಬಿ1 ಕೊರತೆಯಿಂದ ಮೆದುಳು ಕೆಡೋದು) ಇರಬಹುದು, ಥಯಮಿನ್ ಇಂಜೆಕ್ಷನ್ ತಡವಾದ್ರೆ ನೆನಪು ವಾಪಸ್ ಬರದೇ ಹೋಗಬಹುದು. ವಾಂತಿ ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಕಣ್ಣು ಮೇಲಕ್ಕೆ ಹೋಗಿ ಸಿಕ್ಕಾಕ್ಕೊಂಡ್ರೆ ಔಷಧಿಯ ರಿಯಾಕ್ಷನ್ನು, ಅದಕ್ಕೆ ಇಂಜೆಕ್ಷನ್ನೇ ಇದೆ, ಬೇಗ ಇಳಿಯುತ್ತೆ.

ಬರೆಯೋ ರೀತಿ

"ಕಣ್ಣಿನ ಚಲನೆ ನಾರ್ಮಲ್" ಅಂತ ಬರೆಯೋದು ಬಿಡಿ, ಆರು ತಿಂಗಳಾದ್ಮೇಲೆ ಬಂದಾಗ ಹೋಲಿಸೋಕೆ ಏನೂ ಇರಲ್ಲ. ಹೀಗೆ ಬರೀರಿ: "ರೆಪ್ಪೆ ನಿಮಿಷಕ್ಕೆ 5. ಸ್ಕ್ವೇರ್ ವೇವ್ ಜರ್ಕ್ ಪದೇ ಪದೇ. ಅಡ್ಡ ಸ್ಯಾಕೇಡ್ ಸ್ಪೀಡ್ ಸರಿ, ಒಂದು ತಿದ್ದುಪಡಿ. ಕೆಳಗಿನ ಸ್ಯಾಕೇಡ್ ಸ್ಲೋ, ರೇಂಜ್ ಪೂರ್ತಿ, ರೆಪ್ಪೆ ಎತ್ತಿ ನೋಡಿದೆ. ತಲೆ ಬಾಗಿಸಿದಾಗ ಕಣ್ಣು ಪೂರ್ತಿ ಇಳೀತು. ಟೇಪ್ ಮೇಲಕ್ಕೆ ಎಳೆದಾಗ ಕೆಳಗಿನ ಜಿಗಿತ ಇಲ್ಲ. ಹಿಂದಿನ ರಾತ್ರಿ ಕ್ಲೊನಜೆಪಾಮ್ ತಗೊಂಡಿಲ್ಲ." ಮಾಡಿಲ್ಲದ ಹಂತ ಇದ್ರೆ "ಮಾಡಿಲ್ಲ, ಕುತ್ತಿಗೆ ನೋವು" ಅಂತ ಕಾರಣ ಸಮೇತ ಬರೀರಿ, ಖಾಲಿ ಬಿಟ್ರೆ ಮುಂದೆ ಓದೋರು ಅದನ್ನ ನಾರ್ಮಲ್ ಅಂತಾನೇ ಓದ್ತಾರೆ.